ನಾಯಕರ ಅರ್ಹತೆಯ ಬಗ್ಗೆ ವದಂತಿ ಬಂದಾಗ ಪರಿಶೀಲಿಸುವ ಬಗೆ

“ಬರಾಕ್ ಒಬಾಮಾ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲವಂತೆ, ಕೀನ್ಯಾದಲ್ಲಂತೆ” ಎಂಬ ಮಾತು 2008ರ ಚುನಾವಣೆಯ ಹೊತ್ತಿಗೆ ಹಬ್ಬಿತು. ಅವರು ಎರಡು ಅವಧಿಯ ಅಧಿಕಾರ ಮುಗಿಸುವವರೆಗೂ ಬೆನ್ನು ಬಿಡಲಿಲ್ಲ. ಆರೋಪ ಸುಳ್ಳು. ಅದು ಸುಳ್ಳೆಂದು ತಿಳಿಯಲು ಬೇಕಾದ ಕಾಗದಪತ್ರಗಳು ಬಹಿರಂಗವಾಗಿಯೇ ಇರುವುದರಿಂದ, ಇಂಥದೇ ಇನ್ನೊಂದು ಸಂದೇಶ ನಾಳೆ ನಿಮ್ಮ ಮೊಬೈಲಿಗೆ ಬಂದಾಗ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನೋಡಬೇಕೆಂದು ಕಲಿಯಲು ಈ ಪ್ರಸಂಗ ಚೆನ್ನಾಗಿ ಒದಗುತ್ತದೆ.

ದಾಖಲೆಗೆ ಕೈಹಾಕುವ ಮುನ್ನ ಕಾನೂನನ್ನು ಓದಿಕೊಳ್ಳಿ. ಅಮೆರಿಕದ ಸಂವಿಧಾನದ ಎರಡನೆಯ ವಿಧಿಯ ಪ್ರಕಾರ ಅಧ್ಯಕ್ಷರಾಗುವವರು ಹುಟ್ಟಿನಿಂದಲೇ ಆ ದೇಶದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸವಾಗಿರಬೇಕು. ಆ ನೆಲದಲ್ಲೇ ಹುಟ್ಟಿರಬೇಕೆಂಬ ಮಾತು ಅದರಲ್ಲಿ ನೇರವಾಗಿ ಇಲ್ಲ. ಒಬಾಮಾ ಅವರ ಎದುರಾಳಿಯಾಗಿದ್ದ ಜಾನ್ ಮೆಕೇನ್ ಹುಟ್ಟಿದ್ದು ಪನಾಮಾ ಕಾಲುವೆ ವಲಯದಲ್ಲಿ. ಹಾಗಿದ್ದರೆ, ತಾಯಿ ಅಮೆರಿಕದವರಾದ ಮೇಲೆ ಮಗ ಎಲ್ಲಿ ಹುಟ್ಟಿದರೇನು? ಇಲ್ಲೊಂದು ಸೂಕ್ಷ್ಮವಿದೆ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಪೌರತ್ವ ಬರಬೇಕಾದರೆ, ಅವರು 14 ವರ್ಷ ದಾಟಿದ ಮೇಲೆ ಕನಿಷ್ಠ ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕೆಂದು ಅಂದಿನ ಕಾನೂನು ಕೇಳುತ್ತಿತ್ತು. ಹೆರಿಗೆಯ ಹೊತ್ತಿಗೆ ಒಬಾಮಾ ಅವರ ತಾಯಿ ಆನ್ ಡನ್‌ಹ್ಯಾಮ್ ಅವರಿಗೆ ಇನ್ನೂ 18, ಅಂದರೆ ಆ ಐದು ವರ್ಷ ತುಂಬಿರಲು ಸಾಧ್ಯವೇ ಇರಲಿಲ್ಲ. ವದಂತಿಯವರು ಹುಟ್ಟೂರನ್ನೇ ಹಿಡಿದು ಜಗ್ಗಿದ್ದು ಇದಕ್ಕಾಗಿ. ಇಷ್ಟು ತಿಳಿದುಕೊಂಡರೆ ಪರಿಶೀಲಿಸಬೇಕಾದ ಪ್ರಶ್ನೆ ಒಂದೇ ಉಳಿಯುತ್ತದೆ: ಅವರು ಹುಟ್ಟಿದ್ದೆಲ್ಲಿ? ಹೆಸರಿನ ನಡುವಿನ ‘ಹುಸೇನ್’, ತಂದೆಯ ಧರ್ಮ ಮುಂತಾಗಿ ಸಂದೇಶದೊಳಗೆ ತುರುಕಿದ ಸಾಮಾನುಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ.

ಅನಂತರ ಆ ದಾಖಲೆಯನ್ನು ಕಾಪಾಡುವ ಕಚೇರಿ ಯಾವುದೆಂದು ಕಂಡುಕೊಂಡು, ಅದು ಏನು ಹೇಳಿದೆಯೆಂದು ನೋಡಿ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಜೂನ್ 1 ಎಂದು ಬರೆದುಕೊಂಡ ಜನ್ಮದಿನಾಂಕವನ್ನೇ ಹೊತ್ತು ನಿವೃತ್ತರಾದ ಹಿರಿಯರು ನಮ್ಮ ಮನೆಗಳಲ್ಲಿರುವುದರಿಂದ, ಜನನ ದಾಖಲೆಯೆಂದರೆ ನಮಗೆ ತುಸು ಗುಮಾನಿ ಸಹಜವೇ. ಆದರೆ ಇಲ್ಲಿ ಹವಾಯಿ ರಾಜ್ಯದ ಆರೋಗ್ಯ ಇಲಾಖೆಯ ನೋಂದಣಿಯಿದೆ: 1961ರ ಆಗಸ್ಟ್ 4, ಹೊನಲುಲು, ಸಂಜೆ 7 ಗಂಟೆ 24 ನಿಮಿಷ. ಅದರ ಚಿಕ್ಕ ನಮೂನೆಯ ಪ್ರತಿ 2008ರ ಜೂನ್‌ನಲ್ಲೇ ಹೊರಬಂದಿತ್ತು. ಮೂಲ ದಾಖಲೆಯನ್ನು ತಾನೇ ನೋಡಿದ್ದೇನೆಂದು ಇಲಾಖೆಯ ಅಂದಿನ ನಿರ್ದೇಶಕಿ ಚಿಯೋಮೆ ಫುಕಿನೋ ಹೇಳಿದರು. ಅವರು ಕೆಲಸ ಮಾಡುತ್ತಿದ್ದುದು ರಿಪಬ್ಲಿಕನ್ ಪಕ್ಷದ ಗವರ್ನರ್ ಕೈಕೆಳಗೆ, ಅಂದರೆ ಒಬಾಮಾ ಅವರ ವಿರೋಧಿಗಳ ಆಡಳಿತದಲ್ಲಿ. ಇದಕ್ಕಿಂತ ನನಗೆ ಹೆಚ್ಚು ಗಟ್ಟಿಯೆನಿಸುವುದು 1961ರ ಆಗಸ್ಟ್ 13 ಮತ್ತು 14ರಂದು ಹೊನಲುಲುವಿನ ಎರಡು ದಿನಪತ್ರಿಕೆಗಳಲ್ಲಿ ಬಂದ ಒಂದು ಸಾಲಿನ ಜನನ ಪ್ರಕಟಣೆ. ಆ ಪಟ್ಟಿ ಪತ್ರಿಕೆಗಳಿಗೆ ಹೋಗುತ್ತಿದ್ದುದು ಆರೋಗ್ಯ ಇಲಾಖೆಯಿಂದ. ನಲವತ್ತೇಳು ವರ್ಷ ಮುಂದಾಲೋಚಿಸಿ ಸುಳ್ಳು ಪ್ರಕಟಣೆ ಹಾಕಿಸುವ ಸಂಚುಕೋರರನ್ನು ಊಹಿಸಿಕೊಳ್ಳುವುದು ಕಷ್ಟ.

ವದಂತಿಯವರು ತಂದ ಕಾಗದವನ್ನೂ ಇಷ್ಟೇ ಶ್ರದ್ಧೆಯಿಂದ ಓದಬೇಕು, ಮುಖ್ಯವಾಗಿ ಅದರ ತಲೆಬರಹ ಮತ್ತು ದಿನಾಂಕವನ್ನು. 2009ರಲ್ಲಿ ಒಂದು ‘ಕೀನ್ಯಾ ಜನನ ಪತ್ರ’ ನ್ಯಾಯಾಲಯದವರೆಗೂ ಹೋಯಿತು. ಹಳೆಯ ಕಾಗದ, ಮಡಿಕೆಯ ಗುರುತು, ಸಹಿ, ನೋಡಿದರೆ ನಂಬಬೇಕೆನ್ನಿಸುವಂತಿತ್ತು. ಅದರ ಮೇಲಿದ್ದ ದಿನಾಂಕ 1964ರ ಫೆಬ್ರವರಿ, ತಲೆಬರಹ ‘ಕೀನ್ಯಾ ಗಣರಾಜ್ಯ’. ಕೀನ್ಯಾ ಗಣರಾಜ್ಯವಾದದ್ದು ಅದೇ ವರ್ಷದ ಡಿಸೆಂಬರ್ 12ರಂದು! ಆ ಒಂದು ಸಾಲಿಗೇ ಪತ್ರದ ಬಣ್ಣ ಬಯಲಾಯಿತು. ಧ್ವನಿಮುದ್ರಣವಾದರೆ ಕೊನೆಯವರೆಗೆ ಕೇಳಿ. ಒಬಾಮಾ ಅವರ ಕೀನ್ಯಾದ ಅಜ್ಜಿ (ತಂದೆಯ ಮಲತಾಯಿ) ತಾವು ಹೆರಿಗೆಯಲ್ಲಿ ಇದ್ದೆನೆಂದು ಹೇಳಿದರೆಂಬ ತುಣುಕು ಬಹಳ ಓಡಾಡಿತು. ಪೂರ್ತಿ ಮುದ್ರಣದಲ್ಲಿ ದುಭಾಷಿ, ಒಬಾಮಾ ಹುಟ್ಟಿದ್ದು ಹವಾಯಿಯಲ್ಲಿ ಎಂದು ತಿದ್ದುವುದು ಕೇಳಿಸುತ್ತದೆ.

ನಮ್ಮ ಕಡೆಯ ವಾದವನ್ನೂ ಉಬ್ಬಿಸಬಾರದು. “ಕೋರ್ಟುಗಳೇ ದಾಖಲೆ ಪರೀಕ್ಷಿಸಿ ತೀರ್ಪು ಕೊಟ್ಟಿವೆ” ಎಂದು ಉತ್ತರಿಸುವವರಿದ್ದಾರೆ, ಅದು ಸರಿಯಲ್ಲ. ಎಷ್ಟೋ ಅರ್ಜಿಗಳು ವಜಾ ಆದದ್ದು ಅರ್ಜಿದಾರರಿಗೆ ದಾವೆ ಹೂಡುವ ಹಕ್ಕೇ ಇಲ್ಲವೆಂಬ ಕಾರಣಕ್ಕೆ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವ ಕೆಲಸ, ಯಾವ ಕಾಗದ ಸಿಕ್ಕರೆ ಒಪ್ಪುತ್ತೇನೆ ಎಂಬುದನ್ನು ಹುಡುಕಾಟಕ್ಕೆ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು. ವದಂತಿಯವರು ಹಾಗೆ ಮಾಡಲಿಲ್ಲ; ಚಿಕ್ಕ ನಮೂನೆ ಬಂದಾಗ ದೊಡ್ಡದು ಬೇಕೆಂದರು. 2011ರ ಏಪ್ರಿಲ್ 27ರಂದು ಶ್ವೇತಭವನ ದೊಡ್ಡದನ್ನೂ ಪ್ರಕಟಿಸಿದಾಗ, ಪಿಡಿಎಫ್ ಕಡತದೊಳಗೆ ಪದರಗಳಿವೆ, ಆದ್ದರಿಂದ ಖೋಟಾ ಎಂದರು. ಕಡತವನ್ನು ಕುಗ್ಗಿಸುವಾಗ ಅಕ್ಷರವನ್ನೂ ಹಿನ್ನೆಲೆಯನ್ನೂ ಬೇರ್ಪಡಿಸಿ ಉಳಿಸುವ ಸ್ಕ್ಯಾನರುಗಳಿವೆ; ಅಂಥದರಲ್ಲಿ ನಿಮ್ಮ ಜಮೀನಿನ ಪಹಣಿಯನ್ನಿಟ್ಟರೂ ಪದರಗಳು ಬರುತ್ತವೆ. ಈ ಚಾಳಿ ಹೊಸದೇನಲ್ಲ. 1881ರಲ್ಲಿ ಅಧ್ಯಕ್ಷರಾದ ಚೆಸ್ಟರ್ ಆರ್ಥರ್ ಐರ್ಲೆಂಡಿನಲ್ಲಿ ಹುಟ್ಟಿದವರೆಂದು ಒಬ್ಬ ವಕೀಲ ಹೇಳಿ, ಅದು ನಿಲ್ಲದಿದ್ದಾಗ ಹುಟ್ಟಿದ್ದು ಕೆನಡಾದಲ್ಲಿ ಎಂದು ಮಾತು ಬದಲಿಸಿದ್ದ. 2011ರಲ್ಲಿ ಒಬಾಮಾ ವದಂತಿಗೆ ಜೋರಾಗಿ ದನಿಗೂಡಿಸಿದ್ದ ಡೊನಾಲ್ಡ್ ಟ್ರಂಪ್, 2016ರ ಸೆಪ್ಟೆಂಬರ್‌ನಲ್ಲಿ ತಾವೇ ಚುನಾವಣೆಗೆ ನಿಂತಿದ್ದಾಗ, ಒಬಾಮಾ ಹುಟ್ಟಿದ್ದು ಅಮೆರಿಕದಲ್ಲೇ ಎಂದು ಒಪ್ಪಿಕೊಂಡರು.

ಸಂದೇಶ ಕಳಿಸಿದವರು ಮನೆಯ ಹಿರಿಯರಾಗಿದ್ದರೆ ಈ ತೇದಿಗಳನ್ನೆಲ್ಲ ಒಮ್ಮೆಗೇ ಅವರ ಮುಂದೆ ಸುರಿಯಬೇಡಿ, ಅದರಲ್ಲೂ ಕುಟುಂಬದ ಗುಂಪಿನಲ್ಲಿ ಎಲ್ಲರ ಎದುರಿಗೆ ಬೇಡ. ಪ್ರತ್ಯೇಕವಾಗಿ ಫೋನ್ ಮಾಡಿ, ಕುಶಲ ವಿಚಾರಿಸಿ, “ದೊಡ್ಡಪ್ಪ, ಯಾವ ಕಾಗದ ತೋರಿಸಿದರೆ ನಿಮಗೆ ಸಮಾಧಾನ?” ಎಂದು ಕೇಳಿ. ಒಂದು ಕಾಗದದ ಹೆಸರು ಹೇಳಿದರೆ ಅದನ್ನು ಹುಡುಕಿ ಕಳಿಸಿ. ಯಾವುದೂ ಸಾಲದೆಂದರೆ, ಮಳೆ ಬೆಳೆಯ ಮಾತಿಗೆ ತಿರುಗಿ.