ಮಸಿ ಕುಡಿದ ಡೆಸ್ಕಿನಿಂದ ಒಂದು ಪೆನ್ನು

ದೊಡ್ಡಮಾವನ ಫೋನು ಬಂದಾಗ ಮರ ಕಡೆಯುವ ಲೇತ್ ತಿರುಗುತ್ತಿತ್ತು. "ನಮ್ಮ ರಾತ್ರಿ ಶಾಲೆಯ ಡೆಸ್ಕುಗಳನ್ನು ನಾಳೆ ಗುಜರಿಯವನು ಒಯ್ಯುತ್ತಾನಂತೆ. ನಿನಗೆ ಮರ ಬೇಕಿದ್ದರೆ ಇವತ್ತೇ ಬಾ ಮಾರಾಯ" ಎಂದರು. ಮುಂಬೈಯ ಮುಲುಂಡಿನಿಂದ ಲೋಕಲ್ ರೈಲು ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು, ಫೋರ್ಟಿನ ಆ ಹಳೆಯ ಕಟ್ಟಡದ ಮರದ ಮೆಟ್ಟಿಲು ಹತ್ತುವ ಹೊತ್ತಿಗೆ ಕತ್ತಲಾಗಿತ್ತು. ದೊಡ್ಡಮಾವ 1958ರಲ್ಲಿ 13 ವರ್ಷದ ಹುಡುಗನಾಗಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಇದೇ ಕೋಣೆಯಲ್ಲಿ ಕನ್ನಡದಲ್ಲಿ ಪಾಠ ಕಲಿತರು. ಕರಾವಳಿಯಿಂದ ಬಂದ ಎಷ್ಟೋ ಹೋಟೆಲ್ ಹುಡುಗರನ್ನು ಓದಿಸಿದ್ದು ಈ ನಗರದ ರಾತ್ರಿ ಶಾಲೆಗಳೇ. ಈ ಶಾಲೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ಗೋಡೆಗೆ ಒತ್ತರಿಸಿಟ್ಟ ಹನ್ನೊಂದು ಡೆಸ್ಕುಗಳಲ್ಲಿ ಒಂದರ ಮೇಲೆ ಅವರು ಕೈಯಿಟ್ಟರು. ಹಲಗೆಯ ತುಂಬ ಕೈವಾರದ ಮೊನೆಯಿಂದ ಕೊರೆದ ಹೆಸರುಗಳು. ಬಲತುದಿಯಲ್ಲಿ ಮಸಿಕುಡಿಕೆ ಕೂರಿಸುವ ದುಂಡು ತೂತು.

ಒಂಬತ್ತು ವರ್ಷಗಳಿಂದ ನಾನು ಬಾಲ್ಕನಿಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಪೆನ್ನುಗಳನ್ನು ಕಡೆಯುತ್ತಿದ್ದೇನೆ. ಮೊದಮೊದಲು ಅಂಗಡಿಯಲ್ಲಿ ಸಿಗುವ ಹೊರದೇಶದ ಮರದ ತುಂಡುಗಳನ್ನೇ ತರುತ್ತಿದ್ದೆ. ನೋಡಲು ಚೆಂದವಿರುತ್ತಿದ್ದವು. ಆದರೆ "ಇದು ಯಾವ ಮರ, ಎಲ್ಲಿಯದು?" ಎಂದು ಯಾರಾದರೂ ಕೇಳಿದರೆ ಪೊಟ್ಟಣದ ಮೇಲಿನ ಹೆಸರನ್ನಷ್ಟೇ ಓದಿ ಹೇಳಬೇಕಾಗುತ್ತಿತ್ತು. ಒಂದು ಪೆನ್ನಿಗೆ ಬೇಕಾಗುವುದು 20 ಮಿಲಿಮೀಟರ್ ಚೌಕದ, 130 ಮಿಲಿಮೀಟರ್ ಉದ್ದದ ಒಂದು ತುಂಡು. ಸಾಗುವಾನಿಯಾದರೆ ಅದರ ತೂಕ ಸುಮಾರು 35 ಗ್ರಾಂ. ಇಷ್ಟು ಸಣ್ಣ ತುಂಡಿಗಾಗಿ ಒಂದು ಮರವನ್ನೂ ಕಡಿಯಬೇಕಿಲ್ಲ. ಮುರಿದ ಕಿಟಕಿ, ತೊಟ್ಟಿಲ ಕಾಲು, ಮನೆ ಕೆಡವಿದಾಗ ಉಳಿದ ಪಕಾಸು, ಯಾವುದಾದರೂ ಸಾಕು.

ಆದರೆ ಕಥೆಯಿರುವ ಮರವನ್ನು ಹುಡುಕಲು ಹೊರಟವನಿಗೆ ಮೊದಲು ಸಿಗುವುದು ಕಥೆಯೇ, ಮರವಲ್ಲ. ಹಳೆಯ ಮರದ ವ್ಯಾಪಾರಿಯೊಬ್ಬರು ದಾರೂಖಾನಾ ಎಂಬ ಹಡಗುಕಟ್ಟೆಯಲ್ಲಿ ಒಡೆದ ಹಡಗಿನ ಡೆಕ್ಕಿನದು ಎಂದು ಹೇಳಿ ನನಗೊಂದು ಹಲಗೆ ಮಾರಿದರು. ನಂಬಿ ಹೊತ್ತು ತಂದೆ. ಡೆಕ್ಕಿನ ಹಲಗೆಯಾದರೆ ಬೋಲ್ಟಿನ ಗುರುತು ಇರಬೇಕು, ಅಂಚಿನಲ್ಲಿ ಸಂದು ಮುಚ್ಚಿದ ಟಾರಿನ ಕಲೆಯಿರಬೇಕು. ಎರಡೂ ಇರಲಿಲ್ಲ. ಸೀಳಿದಾಗ ಒಳಗೆ ಹಸಿಯ ವಾಸನೆ. ತೇವ ಅಳೆಯುವ ಮೀಟರ್ ಶೇಕಡಾ 20 ಎಂದು ತೋರಿಸಿತು. ಮೇಲೆ ಕಪ್ಪು ಪಾಲಿಶ್ ಬಳಿದ ಹೊಸ ಮರ ಅದು. ದುಡ್ಡು ಹೋದದ್ದಕ್ಕಿಂತ, ಅದರಿಂದ ಆಗಲೇ ಎರಡು ಪೆನ್ನು ಮಾಡಿ 'ಹಡಗಿನ ಮರ' ಎಂದು ಹೇಳಿ ಕೊಟ್ಟಿದ್ದೆನಲ್ಲ, ಆ ನೋವು ದೊಡ್ಡದು. ಇಬ್ಬರಿಗೂ ಫೋನು ಮಾಡಿ ನಿಜ ಹೇಳಿ, ಬೇರೆ ಪೆನ್ನು ಮಾಡಿಕೊಟ್ಟೆ. ಅಂದಿನಿಂದ ಮರ ಅದರ ಜಾಗದಿಂದ ಕಳಚುವುದನ್ನು ನಾನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಕಳಚಿದವರ ಬಾಯಿಂದಲೇ ಕೇಳಿರಬೇಕು. ಎಲ್ಲಿಯದು, ಯಾವ ಭಾಗ, ಯಾವ ದಿನ ಎಂಬುದನ್ನು ಅಲ್ಲೇ ಪೆನ್ಸಿಲಿನಲ್ಲಿ ಮರದ ಮೇಲೆ ಬರೆದುಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಬರೆದರೆ ಆಯಿತು ಎಂದುಕೊಂಡ ತುಂಡುಗಳೆಲ್ಲ ಕೊನೆಗೆ ಅನಾಥವಾಗಿವೆ.

ಗಿರ್‌ಗಾಂವಿನ ಸಾಲು ಖೋಲಿಗಳ ಒಂದು ಹಳೆಯ ಚಾಳು ಪುನರ್ನಿರ್ಮಾಣಕ್ಕೆ ಬಿದ್ದಾಗ, ಅಲ್ಲಿ ಹುಟ್ಟಿ ಬೆಳೆದ ಗೆಳೆಯ ತಾಯಿಗಾಗಿ ಅವರ ಖೋಲಿಯ ತೊಲೆಯಿಂದ ಪೆನ್ನು ಕೇಳಿದ. ಕೆಡವುವ ಕಟ್ಟಡದ ಮರ ಬಹುತೇಕ ಕೆಡವುವ ಗುತ್ತಿಗೆದಾರನ ಪಾಲಾಗಿರುತ್ತದೆ. ಬಾಡಿಗೆದಾರ "ಒಯ್ಯಿ" ಎಂದರೆ ಸಾಲದು, ಗುತ್ತಿಗೆದಾರನಿಗೆ ಹಣ ಕೊಟ್ಟು ಚೀಟಿ ಪಡೆಯಬೇಕು. ತೊಲೆ ಬರ್ಮಾ ಸಾಗುವಾನಿ. 1863ರಲ್ಲಿ ಇಲ್ಲಿ ಆ ಸಾಗುವಾನಿಯ ವ್ಯಾಪಾರ ಮಾಡಿದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಶುರುವಾಯಿತು. ಬರ್ಮಾದ ದೊರೆ ಆ ಕಂಪನಿಗೆ ಹಾಕಿದ ದಂಡವನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1885ರಲ್ಲಿ ಯುದ್ಧ ಹೂಡಿ ಆ ದೇಶವನ್ನೇ ನುಂಗಿದರು. ಗೆಳೆಯನಿಗೆ ಪೆನ್ನು ಕೊಡುವಾಗ ಇದನ್ನೂ ಹೇಳಿದೆ. ಮರದ ಹುಟ್ಟೂರಿನ ಮಾತು ಬಂದಾಗ ಅಮ್ಮನ ಅಡುಗೆಮನೆಯ ಹೊಗೆಯನ್ನಷ್ಟೇ ನೆನೆದು ಕಾಡಿನ ಪಾಡನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹಸಿ ಮರದ ವಿಷಯದಲ್ಲಿ ನನ್ನ ತಾಳ್ಮೆ ಒಮ್ಮೆ ಸೋತಿದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬೀಸಿದಾಗ ನಮ್ಮ ಸೊಸೈಟಿಯ ಅಂಗಳದ ಮಾವಿನ ಮರ ಉರುಳಿತು. ಕಾರ್ಯದರ್ಶಿಯವರಿಂದ ಪತ್ರ ಪಡೆದು ಒಂದು ಕೊಂಬೆ ತೆಗೆದುಕೊಂಡೆ. ತುದಿಗಳಿಗೆ ಮೇಣ ಹಚ್ಚಿ ನೆರಳಿನಲ್ಲಿಟ್ಟೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎನ್ನುವುದು ಬಡಗಿಗಳ ಲೆಕ್ಕ. ನಾನು ಐದೇ ತಿಂಗಳಿಗೆ ಕಡೆದೆ, ಮೂರು ಪೆನ್ನುಗಳೂ ಉದ್ದಕ್ಕೆ ಬಿರಿದವು. ಉಳಿದ ತುಂಡುಗಳನ್ನು ಎರಡು ಮಳೆಗಾಲ ಕಳೆದ ಮೇಲೆ ಮುಟ್ಟಿದೆ. ಅವು ಇಂದಿಗೂ ಗಟ್ಟಿಯಾಗಿವೆ. ಇನ್ನು ಬೀಟೆ, ಶ್ರೀಗಂಧಗಳನ್ನು ಯಾರೇ ಪ್ರೀತಿಯಿಂದ ಕೊಟ್ಟರೂ ಕಾಗದಪತ್ರವಿಲ್ಲದೆ ನಾನು ಮುಟ್ಟುವುದಿಲ್ಲ. ಬೀಟೆಯ ಕುಲ ಹೆಚ್ಚುಕಡಿಮೆ ಇಡಿಯಾಗಿ 2017ರಿಂದ, ಅಳಿವಿನ ಭಯವಿರುವ ಗಿಡ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ.

ಡೆಸ್ಕಿಗೆ ಬರುತ್ತೇನೆ. ಕಟ್ಟಡದ ಮೇಲ್ವಿಚಾರಕರಿಗೆ ಗುಜರಿ ಬೆಲೆ ಕೊಟ್ಟು ದೊಡ್ಡಮಾವ ಕೈಯಿಟ್ಟ ಆ ಒಂದನ್ನೇ ತಂದೆ. ಅಯಸ್ಕಾಂತ ಆಡಿಸಿ ಏಳು ಮೊಳೆ ಹುಡುಕಿ ಕಿತ್ತೆ. ನಾಲ್ಕು ಅಡಿ ಉದ್ದ, ಎಂಟು ಇಂಚು ಅಗಲದ ಹಲಗೆಯಲ್ಲಿ ಲೆಕ್ಕದ ಪ್ರಕಾರ ಎಪ್ಪತ್ತು ತುಂಡುಗಳಾಗಬೇಕು. ಆದರೆ ನನ್ನನ್ನು ತಡೆದದ್ದು ಆ ಹೆಸರುಗಳು. 20 ಮಿಲಿಮೀಟರಿನ ಚೌಕ ತುಂಡು ಪೆನ್ನಾಗುವಾಗ 13 ಮಿಲಿಮೀಟರಿಗೆ ಇಳಿಯುತ್ತದೆ. ಪ್ರತಿ ಬದಿಯಿಂದ ಮೂರು ಮಿಲಿಮೀಟರಿಗೂ ಹೆಚ್ಚು ಮರ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಕೈವಾರದ ಗೀರು ಒಂದು ಮಿಲಿಮೀಟರ್ ಆಳವೂ ಇರಲಿಲ್ಲ. ಹೆಸರು ಕೊರೆದ ಮರದಿಂದ ಪೆನ್ನು ಮಾಡಬಹುದು, ಹೆಸರು ಮಾತ್ರ ಉಳಿಯುವುದಿಲ್ಲ. ಎರಡು ವಾರ ಗರಗಸ ಮುಟ್ಟಲಿಲ್ಲ. ಕೊನೆಗೆ ಹೆಸರಿರುವ ಭಾಗವನ್ನು ಒಂದೇ ಹಲಗೆಯಾಗಿ ಉಳಿಸಿ, ತೂತಿನ ಕಡೆಯ ತುದಿಯನ್ನು ಮಾತ್ರ ಕತ್ತರಿಸಿದೆ. ಸಿಕ್ಕಿದ್ದು ಹನ್ನೆರಡು ತುಂಡು.

ಸೀಳಿದಾಗಲೇ ಗೊತ್ತಾದದ್ದು, ತೂತಿನ ಅಂಚು ವರ್ಷಗಟ್ಟಲೆ ಮಸಿ ಕುಡಿದಿತ್ತು. ಎಳೆಗಳು ಅಡ್ಡಕ್ಕೆ ಕತ್ತರಿಸಿದ ಕಡೆ ಮರ ನೀರನ್ನು ಬೇಗ ಹೀರುತ್ತದೆ. ಹುಡುಗರು ಚೆಲ್ಲಿದ ಮಸಿ ತೂತಿನಿಂದ ಎಳೆಗಳ ಜೊತೆಗೆ ಅರ್ಧ ಇಂಚು ಒಳಗೆ ಹರಿದು ನಿಂತಿತ್ತು. ಉಳಿ ತಾಗಿದರೂ ಹೋಗದ ನೀಲಿಗಪ್ಪು ಗೆರೆಗಳು. ಅಂಥ ಎರಡು ತುಂಡುಗಳಿದ್ದವು. ಗೆರೆಗಳಿರುವ ತುದಿ ನಿಬ್ಬಿನ ಕಡೆಗೆ ಬರುವಂತೆ ತಿರುಗಿಸಿ ಗುರುತು ಹಾಕಿದೆ.

ಒಳಗೆ ಹಿತ್ತಾಳೆ ಕೊಳವೆ ಕೂರಿಸಿದ ಮೇಲೆ ಮರದ ಗೋಡೆ ಒಂದೂವರೆ ಮಿಲಿಮೀಟರಿನಷ್ಟೂ ಉಳಿಯುವುದಿಲ್ಲ. ಹಾಗಾಗಿ ತೂತು ಕೊರೆಯುವಾಗ ಪ್ರತಿ ಸೆಂಟಿಮೀಟರಿಗೆ ಡ್ರಿಲ್ ಹೊರಗೆಳೆದು ಪುಡಿ ತೆಗೆದೆ, ಬಿಸಿಯೇರಿದರೆ ಬಿರುಕು ಖಚಿತ. ಡೆಸ್ಕಿನ ಮರ ಸಾಗುವಾನಿ, ಅದರ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಒಳಗೋಡೆಯನ್ನು ಅಸಿಟೋನಿನಿಂದ ಒರೆಸಿದ ಮೇಲೆಯೇ ಎಪಾಕ್ಸಿ ಹಾಕಿದೆ. ಈ ಮರದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ಒಂದು ಪೆನ್ನಿಗೆ ನಾಲ್ಕು ಸಲ ಮಸೆದೆ. ಕೊನೆಯಲ್ಲಿ ಉಪ್ಪುಕಾಗದವನ್ನು ಹಗುರಾಗಿ ಆಡಿಸಿ, ತೆಳುವಾಗಿ ಅರಗಿನ ಪಾಲಿಶ್ ಕೊಟ್ಟೆ. ದಪ್ಪ ಹೊಳಪು ಕೊಟ್ಟರೆ ಬೆರಳಿಗೆ ಪ್ಲಾಸ್ಟಿಕ್ ಸಿಗುತ್ತದೆ, ಮರ ಸಿಗುವುದಿಲ್ಲ.

ಹೆಸರಿನ ಹಲಗೆಯನ್ನೂ ಮೊದಲ ಪೆನ್ನನ್ನೂ ಒಟ್ಟಿಗೇ ದೊಡ್ಡಮಾವನ ಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿ ಹಲಗೆಯ ಮೇಲೆ ಬೆರಳಾಡಿಸುತ್ತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಯಾರು ಯಾವ ಹೋಟೆಲಿನಲ್ಲಿದ್ದ, ಯಾರು ಊರಿಗೆ ಮರಳಿದ, ಯಾರು ಈಗಿಲ್ಲ ಎಂದು ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಆಮೇಲೆ ಪೆನ್ನು ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಮ್ಮ ಪೂರ್ತಿ ಹೆಸರು, ಅದರ ಕೆಳಗೆ ಊರಿನ ಹೆಸರು ಬರೆದರು. ನೀಲಿಗಪ್ಪು ಗೆರೆಗಳ ಮೇಲೆಯೇ ಅವರ ಹೆಬ್ಬೆರಳು ಇತ್ತು.

"ಮಸಿ ಸ್ವಲ್ಪ ತೆಳುವಾಗಿ ಇಳಿಯುತ್ತಿದೆಯಲ್ಲ" ಎಂದರು.

ಪೆನ್ನನ್ನು ವಾಪಸು ತಂದು, ನಿಬ್ಬಿನ ಸೀಳನ್ನು ಒಂದು ಕೂದಲೆಳೆಯಷ್ಟು ಬಿಡಿಸಿ, ಮಾರನೆಯ ಭಾನುವಾರ ಕೊಟ್ಟುಬಂದೆ.