ಮಿಯಾಟಾದ ಗೇರ್‌ಬಾಕ್ಸ್ ಬದಲಿಸಿದ್ದು: ನನ್ನ ಅನುಭವ

ನನ್ನ ಕಾರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಮಿಯಾಟಾ, 1.6 ಲೀಟರ್ ಎಂಜಿನ್, 5 ಗೇರು. ಬಿಚ್ಚುವ ಮೊದಲು ದೋಷ ನಿಜವಾಗಿ ಗೇರ್‌ಬಾಕ್ಸ್‌ನದೇ ಎಂದು ಖಚಿತ ಮಾಡಿಕೊಳ್ಳಬೇಕು. ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾದರೂ ರಿವರ್ಸ್ ಕರ್ರೆಂದರೆ ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಈ ಕಾರಿನಲ್ಲಿ ಸೋರುವ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ತೀರ ಸಾಮಾನ್ಯ, ಅದನ್ನು ಬದಲಿಸಲು ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ನ್ಯೂಟ್ರಲ್‌ನಲ್ಲಿ ಗೊರಗೊರ ಸದ್ದಿದ್ದು ಕ್ಲಚ್ ಒತ್ತಿದೊಡನೆ ನಿಂತರೆ ಒಳಗಿನ ಬೇರಿಂಗ್ ಸವೆದಿದೆ. ಒತ್ತಿದಾಗಲೇ ಸದ್ದು ಶುರುವಾದರೆ ಅದು ರಿಲೀಸ್ ಬೇರಿಂಗ್ (ಕ್ಲಚ್ ಬಿಡಿಸಲು ಒತ್ತುವ ಬೇರಿಂಗ್). ನನ್ನ ಕಾರಿನಲ್ಲಿ 4ನೇ ಗೇರ್ ಬಿಟ್ಟು ಉಳಿದೆಲ್ಲದರಲ್ಲೂ ಗುಂಯ್ ಎನ್ನುತ್ತಿತ್ತು. 4ನೇದು ನೇರ ಗೇರು, ಅನುಪಾತ 1.000, ಅದರಲ್ಲಿ ಕೌಂಟರ್ ಶಾಫ್ಟ್ (ಗೇರ್‌ಬಾಕ್ಸ್ ಒಳಗಿನ ಪಕ್ಕದ ಶಾಫ್ಟ್) ಮೇಲೆ ಭಾರ ಬೀಳುವುದಿಲ್ಲ. ಆಯಿಲ್ ಇಳಿಸಿದಾಗ ಹಿತ್ತಾಳೆಯ ನುಣ್ಣನೆ ಹೊಳಪು ಕಂಡರೆ ಹೆದರಬೇಕಿಲ್ಲ. ನನಗೆ ಸಿಕ್ಕಿದ್ದು ಉಕ್ಕಿನ ಚೂರು. ಅಲ್ಲಿಗೆ ತೀರ್ಮಾನವಾಯಿತು.

ಬ್ಯಾಟರಿ ಡಿಕ್ಕಿಯಲ್ಲಿದೆ, ಮೊದಲು ಅದರ ನೆಗೆಟಿವ್ ತಂತಿ ಕಳಚಿ. ಕಾರನ್ನು 4 ಸ್ಟ್ಯಾಂಡ್‌ಗಳ ಮೇಲೆ ಕನಿಷ್ಠ 45 ಸೆಂ.ಮೀ. ಎತ್ತಿ ನಿಲ್ಲಿಸಿ, ಅದಕ್ಕಿಂತ ಕಡಿಮೆಯಾದರೆ ಜ್ಯಾಕ್ ಮೇಲೆ ಕೂತ ಗೇರ್‌ಬಾಕ್ಸ್ ಹೊರಗೆ ಬರುವುದಿಲ್ಲ. ಗೇರ್ ಲಿವರ್ ಒಳಗಿನಿಂದಲೇ ತೆಗೆಯಬೇಕು. ಹಿಂದಿನ ಚಕ್ರಗಳತ್ತ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್‌ಗೆ (ಬೋಲ್ಟ್ ಹಾಕುವ ಚಪ್ಪಟೆ ತುದಿಗೆ) ಬಣ್ಣದ ಗುರುತು ಹಾಕಿ ಬಿಚ್ಚಿ, ಮತ್ತೆ ಅದೇ ಜಾಗಕ್ಕೆ ಕೂರಿಸದಿದ್ದರೆ ಕಂಪನ ಬರಬಹುದು. ಸ್ಲೇವ್ ಸಿಲಿಂಡರನ್ನು ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿದರೆ ಸಾಕು.

ಈ ಕಾರಿನ ವಿಶೇಷ ಪವರ್ ಪ್ಲಾಂಟ್ ಫ್ರೇಮ್. ಗೇರ್‌ಬಾಕ್ಸ್‌ಗೆ ಬೇರೆ ಮೌಂಟ್ ಇಲ್ಲ. ಡಿಫರೆನ್ಷಿಯಲ್‌ವರೆಗೆ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಚಾಚಿದ ಈ ಅಲ್ಯೂಮಿನಿಯಂ ತೊಲೆಯೇ ಅದರ ಹಿಂಬದಿಯನ್ನು ಹಿಡಿದಿರುತ್ತದೆ. ಜ್ಯಾಕ್ ಕೊಡದೆ ಇದನ್ನು ಬಿಚ್ಚಿದರೆ ಎಂಜಿನ್ ಹಿಂದಕ್ಕೆ ವಾಲಿ, ಹಿಂದಿರುವ ಕ್ಯಾಮ್ ಆಂಗಲ್ ಸೆನ್ಸರ್ (ಕ್ಯಾಮ್ ಶಾಫ್ಟ್‌ನ ಸ್ಥಾನ ತಿಳಿಸುವ ಸೆನ್ಸರ್) ಎಂಜಿನ್ ಕೋಣೆಯ ಹಿಂಗೋಡೆಗೆ ಒತ್ತಿ ಮುರಿಯುತ್ತದೆ. ಹಾಗೆಂದು ವಾಲುವುದೇ ಬೇಡ ಎಂದೇನಲ್ಲ. ನಿಧಾನಕ್ಕೆ ಒಂದಿಷ್ಟು ಇಳಿಸಿದರೆ ಬೆಲ್ ಹೌಸಿಂಗ್‌ನ (ಎಂಜಿನ್‌ಗೆ ಕೂಡುವ, ಗೇರ್‌ಬಾಕ್ಸ್‌ನ ಮುಂದಿನ ಗಂಟೆಯಾಕಾರದ ಕವಚ) ಮೇಲಿನ ಬೋಲ್ಟ್‌ಗಳು ಕೈಗೆ ಸಿಗುತ್ತವೆ. ಉದ್ದನೆಯ ಎಕ್ಸ್‌ಟೆನ್ಷನ್‌ಗಳನ್ನು ಜೋಡಿಸಿ, ಯೂನಿವರ್ಸಲ್ ಜಾಯಿಂಟ್ ಹಾಕಿ ಹಿಂದಿನಿಂದ ತಲುಪಿದೆ. ಅತ್ಯಂತ ಹಟಮಾರಿ ಎಂದರೆ ಸ್ಟಾರ್ಟರ್‌ನ ಮೇಲಿನ ಬೋಲ್ಟ್, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ.

ಗೇರ್‌ಬಾಕ್ಸ್ ಹೊರಗಿದ್ದಾಗ ಬದಲಿಸಬೇಕಾದವು: ಕ್ಲಚ್ ಪ್ಲೇಟ್ (1.6ಕ್ಕೆ 200 ಮಿ.ಮೀ.), ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟ್‌ನ ಮುಂತುದಿ ಕೂರುವ ಬೇರಿಂಗ್), ಎಂಜಿನ್‌ನ ಹಿಂಬದಿ ಆಯಿಲ್ ಸೀಲ್, ಗೇರ್‌ಬಾಕ್ಸ್‌ನ ಎರಡು ತುದಿಯ ಸೀಲುಗಳು. ಗೇರ್ ಲಿವರ್‌ನ ಕೆಳಗಿನ ಸಣ್ಣ ರಬ್ಬರ್ ಬೂಟು ಹರಿದಿರುವುದೇ ಹೆಚ್ಚು, ಅದನ್ನೂ ತರಿಸಿಡಿ. ಅದು ಹರಿದರೆ ಕೊಳೆ, ಬಿಸಿ ಎರಡೂ ಮೇಲೇರುತ್ತವೆ. ಬಿಗಿಯುವ ಬಲ: ಫ್ಲೈವೀಲ್ (ಎಂಜಿನ್ ಹಿಂಬದಿಯ ಭಾರದ ಚಕ್ರ) ಬೋಲ್ಟ್‌ಗಳಿಗೆ 96ರಿಂದ 103 ನ್ಯೂಟನ್ ಮೀಟರ್, ಪ್ರೆಷರ್ ಪ್ಲೇಟ್‌ಗೆ 18ರಿಂದ 26. ಪ್ರೆಷರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗೇರ್‌ಬಾಕ್ಸ್ ಶಾಫ್ಟ್‌ನ ಸ್ಪ್ಲೈನ್‌ಗೆ (ಕ್ಲಚ್ ಪ್ಲೇಟ್ ಕೂರುವ ಹಲ್ಲುಗಳಿಗೆ) ಗ್ರೀಸ್ ತೆಳುವಾಗಿ ಸವರಿ, ಹೆಚ್ಚಾದರೆ ಸಿಡಿದು ಪ್ಲೇಟಿಗೆ ಅಂಟಿ ಕ್ಲಚ್ ಜಾರುತ್ತದೆ.

ಕೂರಿಸುವಾಗ ಆಗುವ ದೊಡ್ಡ ತಪ್ಪು ಒಂದೇ. ಬೆಲ್ ಹೌಸಿಂಗ್ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಡುತ್ತದೆ, ತಾಳ್ಮೆ ಕೆಟ್ಟು ಬೋಲ್ಟ್ ಹಾಕಿ ಎಳೆಯುತ್ತೇವೆ. ಎಳೆದರೆ ಅಲ್ಯೂಮಿನಿಯಂ ಕಿವಿ ಒಡೆಯುತ್ತದೆ, ಇಲ್ಲವೇ ಪೈಲಟ್ ಬೇರಿಂಗ್ ಕೆಡುತ್ತದೆ. ಅಲ್ಲಿ ಗೇರ್‌ಬಾಕ್ಸ್‌ನ ಕೋನ ತಪ್ಪಿರುತ್ತದೆ, ಇಲ್ಲವೇ ಕ್ಲಚ್ ಪ್ಲೇಟ್ ಸರಿಯಾಗಿ ನಡುವಿಗೆ ಕೂತಿರುವುದಿಲ್ಲ. ಎರಡು ಮುಖಗಳ ನಡುವಿನ ಸಂದು ಸುತ್ತಲೂ ಒಂದೇ ಸಮ ಆಗುವಂತೆ ಜ್ಯಾಕ್ ಏರಿಳಿಸಿ, ಪ್ರೊಪೆಲ್ಲರ್ ಶಾಫ್ಟ್‌ನ ಯೋಕನ್ನು (ಗೇರ್‌ಬಾಕ್ಸ್‌ಗೆ ಸೇರುವ ತುದಿಯನ್ನು) ಹಿಂದಿನಿಂದ ತುಸು ತಿರುಗಿಸಿ (ಬಾಕ್ಸ್ ಗೇರಿನಲ್ಲಿರಲಿ): ಸ್ಪ್ಲೈನ್ ಹೊಂದಿಕೊಂಡ ಕೂಡಲೇ ತಾನಾಗಿ ಒಳಗೆ ಜಾರುತ್ತದೆ. ಗೇರ್‌ಬಾಕ್ಸ್‌ನ ಸುಮಾರು 34 ಕೆ.ಜಿ. ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ತೂಗುಬಿಡಲೇಬೇಡಿ, ಹಬ್ ಬಾಗುತ್ತದೆ.

ಪವರ್ ಪ್ಲಾಂಟ್ ಫ್ರೇಮ್ ತೊಲೆಯ ದೊಡ್ಡ ಬೋಲ್ಟ್‌ಗಳಿಗೆ 104ರಿಂದ 124 ನ್ಯೂಟನ್ ಮೀಟರ್. ಮೊದಲು ಎಲ್ಲ ಸಡಿಲವಾಗಿ ಹಾಕಿ, ಗೇರ್‌ಬಾಕ್ಸ್‌ನ ಎತ್ತರ ಸರಿಮಾಡಿಕೊಂಡು ಬಿಗಿಯಿರಿ. ಇಲ್ಲಿ ಅಡ್ಡಾದಿಡ್ಡಿಯಾದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಟ್ಟು ವೇಗದಲ್ಲಿ ನಡುಗುತ್ತದೆ. ಗೇರ್ ಆಯಿಲ್ 75ಡಬ್ಲ್ಯು-90 (ದಪ್ಪದ ದರ್ಜೆ), ಜಿಎಲ್-4 (ಗುಣಮಟ್ಟದ ದರ್ಜೆ), 2 ಲೀಟರ್. ಪಕ್ಕದ ರಂಧ್ರದಿಂದ ಹೊರಚೆಲ್ಲುವವರೆಗೆ ತುಂಬಿ. ಡಿಫರೆನ್ಷಿಯಲ್‌ಗೆಂದು ತಯಾರಾದ ಜಿಎಲ್-5 ಆಯಿಲ್‌ಗಳಲ್ಲಿ ಗಂಧಕದ ಅಂಶ ಹೆಚ್ಚು, ಅವುಗಳಲ್ಲಿ ಕೆಲವು ಹಿತ್ತಾಳೆ ಸಿಂಕ್ರೊನೈಸರ್ ರಿಂಗಿಗೆ (ಗೇರ್ ಬದಲಿಸುವಾಗ ವೇಗ ಸರಿಹೊಂದಿಸುವ ಉಂಗುರ) ಆಗಿಬರದಿರಬಹುದು. ಲಿವರ್ ಕೂರುವ ಗುಂಡಿಗೆ ಪ್ರತ್ಯೇಕವಾಗಿ ಸುಮಾರು 90 ಮಿ.ಲೀ. ಹಾಕಬೇಕು. ಇದನ್ನು ಮರೆತರೆ ಹೊಸ ಗೇರ್‌ಬಾಕ್ಸ್ ಇದ್ದರೂ ಲಿವರ್ ಒರಟಾಗಿಯೇ ಉಳಿಯುತ್ತದೆ. ಮೊದಲ 500 ಕಿ.ಮೀ. ಊರೊಳಗಿನ ಹಗುರ ಓಟ ಸಾಕು, ಹೊಸ ಕ್ಲಚ್ ಅಷ್ಟರಲ್ಲಿ ಫ್ಲೈವೀಲ್‌ಗೆ ಹೊಂದಿಕೊಳ್ಳುತ್ತದೆ.