ಹಸಿದಾಗ ಹೊಟ್ಟೆ ಉರಿಯುತ್ತಿದ್ದರೆ ಏನು ನೋಡಬೇಕು, ಏನು ಮಾಡಬೇಕು

ಬೆಂಗಳೂರಿನಲ್ಲಿ ಹೊಟ್ಟೆಯ ಯಾವ ಉರಿಗೂ ‘ಗ್ಯಾಸ್ಟ್ರಿಕ್’ ಅಂತ ಒಂದೇ ಹೆಸರು, ಮೆಡಿಕಲ್ ಶಾಪ್‌ನ ಮಾತ್ರೆಯೇ ಮದ್ದು. ತಿಂಗಳುಗಟ್ಟಲೆ ಹೀಗೇ ತಳ್ಳಿದರೆ ಡ್ಯುಯೊಡಿನಲ್ ಅಲ್ಸರ್, ಅಂದರೆ ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು, ಗೊತ್ತಾಗದೆ ಉಳಿದುಬಿಡುತ್ತದೆ.

ಮೊದಲು ನೋವಿನ ಹೊತ್ತು ಗಮನಿಸಿ. ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಕೊರೆಯುವಂಥ ನೋವು ಊಟವಾದ 2–3 ಗಂಟೆಗೆ ಶುರುವಾಗುತ್ತದೆಯೇ? ನಡುರಾತ್ರಿ ಎಬ್ಬಿಸುತ್ತದೆಯೇ? ಏನಾದರೂ ತಿಂದರೆ ತಗ್ಗುತ್ತದೆಯೇ? ಹಾಗಿದ್ದರೆ ವೈದ್ಯರಿಗೆ ತೋರಿಸಿ. ವಯಸ್ಸಾದ ಕೆಲವರಿಗೆ ನೋವೇ ಇರುವುದಿಲ್ಲ. ರಕ್ತ ಹೋದಾಗಲೇ ತಿಳಿಯುತ್ತದೆ.

ಮೆಣಸಿನಕಾಯಿ ಬಜ್ಜಿಯಿಂದ ಹುಣ್ಣಾಗುವುದಿಲ್ಲ. ಇದ್ದ ಉರಿ ಹೆಚ್ಚಬಹುದು, ಅಷ್ಟೇ. ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು ಕಾರಣ ಮಂಡಿನೋವಿಗೆ, ತಲೆನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸಿಗರೇಟು ಸೇದಿದರೆ ಹುಣ್ಣು ಬೇಗ ಮಾಯುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಈ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆಯಲ್ಲಿ. ಉಸಿರಿನ ಯೂರಿಯಾ ಪರೀಕ್ಷೆಗಾಗಲಿ ಮಲದ ಆಂಟಿಜೆನ್ ಪರೀಕ್ಷೆಗಾಗಲಿ 2 ವಾರ ಮುಂಚೆಯೇ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಸಿಡ್ ತಗ್ಗಿಸುವ ಮಾತ್ರೆ ನಿಲ್ಲಿಸಿರಬೇಕು; ಆಂಟಿಬಯೋಟಿಕ್ ತೆಗೆದುಕೊಂಡು 4 ವಾರ ಕಳೆದಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ‘ನೆಗೆಟಿವ್’ ಬರಬಹುದು. ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಿ. ರಕ್ತದ ಆಂಟಿಬಾಡಿ ಪರೀಕ್ಷೆ ಸಾಲದು: ಸೋಂಕು ಹೋದ ಮೇಲೂ ಅದು ಬಹುಕಾಲ ಪಾಸಿಟಿವ್ ಬರಬಹುದು. ತೂಕ ಇಳಿಯುತ್ತಿದ್ದರೆ, ರಕ್ತ ಕಡಿಮೆಯಿದ್ದರೆ, ಪದೇಪದೇ ವಾಂತಿಯಾದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯೇ ಆಗಬೇಕು.

ಸೋಂಕಿದ್ದರೆ ಆಂಟಿಬಯೋಟಿಕ್ ಕೋರ್ಸ್ ಸಾಮಾನ್ಯವಾಗಿ 14 ದಿನ. ನಾಲ್ಕನೇ ದಿನಕ್ಕೇ ಉರಿ ಇಳಿಯಿತೆಂದು ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಂತಾಗಬಹುದು. ಆಸಿಡ್ ತಗ್ಗಿಸುವ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿ. ತಿಂದಾದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ. ತಣ್ಣನೆ ಹಾಲು ಸ್ವಲ್ಪ ಹೊತ್ತು ಹಿತ ಕೊಡುತ್ತದೆ, ಆಮೇಲೆ ಆಸಿಡ್ ಇನ್ನಷ್ಟು ಸುರಿಯುತ್ತದೆ. ಕೋರ್ಸ್ ಮುಗಿದು 4 ವಾರವಾದ ಮೇಲೆ, ಮೇಲೆ ಹೇಳಿದಂತೆಯೇ ತಯಾರಾಗಿ, ಮತ್ತೆ ಪರೀಕ್ಷೆ ಮಾಡಿಸಿ.

ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ, ವಾಂತಿ ಕಾಫಿ ಚರಟದ ಹಾಗಿದ್ದರೆ, ಇಲ್ಲವೇ ಒಮ್ಮೆಲೇ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು, ಆ ವಾಸನೆ ಇರುವುದಿಲ್ಲ. ಎದೆ ಬಿಗಿದು ಬೆವರು ಕಿತ್ತುಕೊಂಡರೆ ಗ್ಯಾಸ್ಟ್ರಿಕ್ ಎಂದು ಕಾಯಬೇಡಿ, ಮೊದಲು ಇಸಿಜಿ ಮಾಡಿಸಿ.